ಮೂಲೆ ಬಿಟ್ಟು ಬಾರದ ಮೊಲ: ಹೆದರಿಕೆಯೋ, ನೋವೋ? ಪತ್ತೆ ಹಚ್ಚುವ ಕ್ರಮ

"ಮೊಲ ತಂದು ಎರಡು ದಿನ ಆಯ್ತು. ಏನೂ ತೊಂದರೆ ಇಲ್ಲ, ಪಾಪ, ಸುಮ್ಮನೆ ಮೂಲೇಲಿ ಕೂತಿದೆ."

ಸಂಕಷ್ಟದಿಂದ ಬಿಡಿಸಿ ತಂದ ಮೊಲವನ್ನು, ಅದಕ್ಕೊಂದು ಶಾಶ್ವತ ಮನೆ ಸಿಗುವವರೆಗೆ, ಹೊಸದಾಗಿ ಆರೈಕೆಗೆ ಇಟ್ಟುಕೊಂಡವರು ಫೋನಿನಲ್ಲಿ ಹೀಗೆಂದಾಗ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಹಿಕ್ಕೆ ಹಾಕಿದೆಯಾ? ಎಷ್ಟೋ ಜನ ನೋಡಿಯೇ ಇರುವುದಿಲ್ಲ. ಸುಮ್ಮನಿರುವ ಪ್ರಾಣಿ ಆರಾಮಾಗಿದೆ ಎಂದುಕೊಂಡಿರುತ್ತಾರೆ.

ಮೊಲ ಹೆದರಿದರೂ ಮೂಲೆ ಸೇರುತ್ತದೆ, ಹೊಟ್ಟೆ ನೋಯುತ್ತಿದ್ದರೂ ಮೂಲೆ ಸೇರುತ್ತದೆ. ನಾಯಿಯ ಹಾಗೆ ಕುಂಯ್‌ಗುಡುವುದಿಲ್ಲ, ಬೆಕ್ಕಿನ ಹಾಗೆ ಕೂಗುವುದಿಲ್ಲ. ಬೇಟೆಗೆ ಸಿಕ್ಕುವ ಜೀವ, ನೋವನ್ನು ಬಚ್ಚಿಟ್ಟುಕೊಂಡೇ ಬದುಕಿ ಬಂದ ಜಾತಿ ಅದು. ಹೆದರಿಕೆಗೆ ಮದ್ದು ಕಾಯುವುದು. ನೋವಿಗೆ ಕಾಯುತ್ತಾ ಕೂತರೆ ಜೀವ ಹೋಗುತ್ತದೆ. ಹಾಗಾಗಿ ಕೆಳಗೆ ಬರೆದಿರುವ ಪ್ರತಿ ಲಕ್ಷಣದಲ್ಲೂ ಹುಡುಕುವುದು ಒಂದನ್ನೇ: ಇದು ಹೆದರಿಕೆಯೋ, ನೋವೋ? ದುಡ್ಡು ಖರ್ಚಿಲ್ಲದೆ ಮನೆಯಲ್ಲೇ ನೋಡಬಹುದಾದ್ದನ್ನು ಮೊದಲು ಹೇಳಿ, ಆಮೇಲೆ ಡಾಕ್ಟರ ಬಳಿ ಆಗಬೇಕಾದ್ದನ್ನು ಹೇಳಿದ್ದೇನೆ.

ಮುಂದೆ ಓದುವ ಮೊದಲು

ಇವುಗಳಲ್ಲಿ ಒಂದು ಕಂಡರೂ ಓದುವುದನ್ನು ನಿಲ್ಲಿಸಿ, ಮೊಲ ನೋಡುವ ಪಶುವೈದ್ಯರಿಗೆ ಫೋನ್ ಮಾಡಿ:

- 10–12 ಗಂಟೆಯಿಂದ ಏನೂ ತಿಂದಿಲ್ಲ, ಇಲ್ಲವೇ ಅಷ್ಟು ಹೊತ್ತಿನಿಂದ ಒಂದು ಹಿಕ್ಕೆಯೂ ಇಲ್ಲ
- ಬಾಯಿ ತೆರೆದು ಉಸಿರಾಡುತ್ತಿದೆ
- ಹಿಂಗಾಲು ಎಳೆದುಕೊಂಡು ಹೋಗುತ್ತಿದೆ
- ಹೊಟ್ಟೆ ಡೊಳ್ಳಿನ ಹಾಗೆ ಬಿಗಿದಿದೆ, ಕಿವಿ ತಣ್ಣಗಾಗಿದೆ, ಮುಟ್ಟಿದರೂ ಏಳುತ್ತಿಲ್ಲ
- ಹಿಂಭಾಗದಲ್ಲಿ ಹುಳು ಬಿದ್ದಿದೆ
- ನೀರಿನಂತೆ ಭೇದಿಯಾಗುತ್ತಿದೆ

ಇನ್ನೊಂದು ಮಾತು. ಎಲ್ಲ ಪಶುವೈದ್ಯರೂ ಮೊಲ ನೋಡುವುದಿಲ್ಲ. ಮೊಲ ಮನೆಗೆ ಬರುವ ಮುಂಚೆಯೇ ನಾಲ್ಕು ಕಡೆ ಫೋನ್ ಮಾಡಿ "ಮೊಲ ನೋಡ್ತೀರಾ, ರಾತ್ರಿ ಹೊತ್ತು ಸಿಗ್ತೀರಾ?" ಎಂದು ಕೇಳಿ ನಂಬರು ಬರೆದಿಟ್ಟುಕೊಳ್ಳಿ. ಹತ್ತಿರದಲ್ಲಿ ಯಾರೂ ಸಿಗದಿದ್ದರೆ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನಲ್ಲಿ ಕಾಲೇಜುಗಳಿವೆ.

ತೋಟದಲ್ಲೋ ಹೊಲದಲ್ಲೋ ಸಿಕ್ಕಿದ ಮರಿಯಾದರೆ ಅದು ಸಾಕುಮೊಲ ಹೌದೇ ಎಂದು ಮೊದಲು ನೋಡಿ. ಕಾಡುಮೊಲದ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ತೆರೆದ ಕಣ್ಣು. ದೊಡ್ಡದಾದ ಮೇಲೆ ನಮ್ಮ ಕಡೆಯ ಕಾಡುಮೊಲಕ್ಕೆ ಕತ್ತಿನ ಹಿಂದೆ ಕಪ್ಪು ಪಟ್ಟೆ ಇರುತ್ತದೆ. ಅದನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದು ಮನೆಯಲ್ಲಿ ಯಾವತ್ತೂ ಒಗ್ಗಿಕೊಳ್ಳುವುದೂ ಇಲ್ಲ. ಅರಣ್ಯ ಇಲಾಖೆಗೆ ತಿಳಿಸಿ.

"ಬಂದಾಗಿನಿಂದ ಏನೂ ತಿಂದಿಲ್ಲ"

ರಾಗಿ ಎಂಬ ಮೊಲ ನಮ್ಮ ಮನೆಗೆ ಬಂದದ್ದು ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಯಲ್ಲಿ. ರಾಗಿ ಹಿಟ್ಟಿನ ಬಣ್ಣ, ಎರಡು ಕೆಜಿಗಿಂತ ಸ್ವಲ್ಪ ಕಡಿಮೆ ತೂಕ. ಅಪಾರ್ಟ್‌ಮೆಂಟೊಂದರ ಪಾರ್ಕಿಂಗಿನಲ್ಲಿ ಯಾರೋ ಬಿಟ್ಟುಹೋಗಿದ್ದರು. ಸಂಜೆ ಆರಕ್ಕೆ ಹುಲ್ಲು, ನೀರು, ಕೊತ್ತಂಬರಿ ಸೊಪ್ಪು ಇಟ್ಟೆ. ರಾತ್ರಿ ಹತ್ತಕ್ಕೆ ನೋಡಿದರೆ ಒಂದು ಎಲೆಯೂ ಅಲುಗಿರಲಿಲ್ಲ. ಬೆಳಿಗ್ಗೆ ಐದಕ್ಕೆ ಕೊತ್ತಂಬರಿಯ ಕಡ್ಡಿಗಳೆಲ್ಲ ಮಾಯ, ಪೆಟ್ಟಿಗೆಯ ಹಿಂದೆ ಹತ್ತಿಪ್ಪತ್ತು ಹಿಕ್ಕೆ. ನಾನು ನೋಡುತ್ತಿರುವಾಗ ಅವನು ತಿಂದದ್ದು ಎಂಟನೆಯ ದಿನ.

ಹಾಗಾಗಿ ಮೊದಲ ಪರೀಕ್ಷೆ: ನಿಜವಾಗಿ ತಿಂದಿಲ್ಲವೇ, ನಿಮ್ಮೆದುರು ತಿಂದಿಲ್ಲವೇ? ಮೊಲ ಚುರುಕಾಗುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಹುಲ್ಲನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಇಡಿ, ಬೆಳಿಗ್ಗೆ ಮತ್ತೆ ತೂಗಿ. ಸೊಪ್ಪಿನ ಕಡ್ಡಿ ಎಣಿಸಿ ಇಡಿ. ಇದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ.

ನಿಜವಾಗಿಯೂ ತಿಂದಿಲ್ಲ ಎಂದಾದರೆ, ಊಟ ಎಲ್ಲಿಟ್ಟಿದ್ದೀರಿ ನೋಡಿ. ಕೋಣೆಯ ನಡುವೆ ಇಟ್ಟಿದ್ದರೆ ಹೆದರಿದ ಮೊಲಕ್ಕೆ ಅದು ನಡುಬಯಲು. ಅದು ಅಡಗಿ ಕೂತಿರುವ ಪೆಟ್ಟಿಗೆಯ ಬಾಯಿಗೇ ಹುಲ್ಲು ತಂದಿಡಿ, ಒಳಗೂ ಒಂದು ಹಿಡಿ ತುರುಕಿ. ನೀರಿನ ಬಾಟಲಿ ನೇತುಹಾಕಿದ್ದರೆ ಪಕ್ಕದಲ್ಲಿ ಒಂದು ಭಾರವಾದ ಬೋಗುಣಿಯಲ್ಲೂ ನೀರಿಡಿ. ಬಾಟಲಿಯನ್ನೇ ಕಂಡಿರದ ಮೊಲಗಳಿವೆ. ನೀರು ಕುಡಿಯದಿದ್ದರೆ ಹುಲ್ಲೂ ಇಳಿಯುವುದಿಲ್ಲ. ದಿನಕ್ಕೆ ಒಂದು ಕೆಜಿ ತೂಕಕ್ಕೆ 50ರಿಂದ 150 ಮಿಲಿ ನೀರು ಬೇಕು.

ಆಮೇಲೆ, ಅದು ಮೊದಲು ಏನು ತಿನ್ನುತ್ತಿತ್ತು? ತಂದುಕೊಟ್ಟವರನ್ನು ಕೇಳಿ. ಬರೀ ಕ್ಯಾರೆಟ್ಟು, ಕೋಸು, ಚಪಾತಿ ತಿಂದು ಬೆಳೆದ ಮೊಲಕ್ಕೆ ಹುಲ್ಲು ಊಟವೆಂದೇ ಗೊತ್ತಿರುವುದಿಲ್ಲ. ಕೊನೆಗೆ ಅದರ ಊಟದಲ್ಲಿ ನೂರಕ್ಕೆ ಎಂಬತ್ತು ಪಾಲು ಹುಲ್ಲೇ ಇರಬೇಕು. ಆದರೆ ಒಂದೇ ದಿನದಲ್ಲಿ ಬದಲಾಯಿಸಿದರೆ ಹೊಟ್ಟೆ ಕೆಡುತ್ತದೆ. ಹಳೆಯ ತರಕಾರಿಯನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪ ಇಳಿಸುತ್ತಾ, ಒಂದು ವಾರ ಹತ್ತು ದಿನದಲ್ಲಿ ಹುಲ್ಲಿಗೆ ತನ್ನಿ. ಚಪಾತಿ, ಬ್ರೆಡ್ಡು, ಬಿಸ್ಕತ್ತು ಮಾತ್ರ ಅಂದೇ ನಿಲ್ಲಿಸಿ.

ಮೊಲಕ್ಕೆಂದು ಮಾರುವ ಟಿಮೋತಿ ಎಂಬ ಒಣಹುಲ್ಲು ಹೊರದೇಶದ್ದು, ದುಬಾರಿ. ಹೆದರಿದ ಮೊಲದ ಬಾಯಿ ತೆರೆಸಲು ನನ್ನ ಕೈ ಹಿಡಿದಿರುವುದು ಹಸಿ ಗರಿಕೆ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಗಣಪತಿಗೆಂದು ಕಟ್ಟು ಕಟ್ಟಿ ಮಾರುತ್ತಾರಲ್ಲ, ಅದೇ. ಚೆನ್ನಾಗಿ ತೊಳೆದು, ನೀರು ಬಸಿದು, ಮೊದಲ ದಿನ ನಾಲ್ಕೇ ಎಸಳು ಕೊಡಿ. ರಸ್ತೆ ಬದಿಯದು ಬೇಡ. ಹೊಗೆ, ನಾಯಿ ಮೂತ್ರ, ಕಳೆನಾಶಕ ಯಾವುದು ಬಿದ್ದಿದೆಯೋ ಹೇಳಲಾಗದು. ಕುದುರೆ ಮಸಾಲೆ ಎಂಬ ಮೇವಿನ ಸೊಪ್ಪು (ಲೂಸರ್ನ್) ಅಗ್ಗವಾಗಿ ಸಿಗುತ್ತದೆಂದು ದಿನವೂ ಕೊಡಬೇಡಿ. ಅದರಲ್ಲಿ ಸುಣ್ಣದ ಅಂಶ ಹೆಚ್ಚು, ಆರು ತಿಂಗಳೊಳಗಿನ ಮರಿಗಳಿಗೆ ಸರಿ, ದೊಡ್ಡವಕ್ಕಲ್ಲ. ಭತ್ತದ ಹುಲ್ಲು ಹಾಸಿಗೆಗೆ ಆಗುತ್ತದೆ, ಊಟಕ್ಕೆ ಸಾಲದು.

ಈಗ ಮುಖ್ಯವಾದ ಪರೀಕ್ಷೆ. ಒಂದು ಕಡ್ಡಿ ಕೊತ್ತಂಬರಿ ಅಥವಾ ಪುದೀನ ಪೆಟ್ಟಿಗೆಯ ಬಾಯಲ್ಲಿಟ್ಟು ದೂರದಲ್ಲಿ ಕೂತು ನೋಡಿ. ಮೂಗು ಆಡಿಸಿ ಹಿಂದೆ ಸರಿದರೆ ಹೆದರಿಕೆ ಇರಬಹುದು, ಇನ್ನಷ್ಟು ದೂರ ಹೋಗಿ. ಹತ್ತಿರ ಬಂದು, ಬಾಯಿಗೆ ತೆಗೆದುಕೊಂಡು, ಜಗಿಯಲಾರದೆ ಕೆಳಗೆ ಬೀಳಿಸಿದರೆ ಅದು ಹಲ್ಲಿನ ತೊಂದರೆ. ಗಲ್ಲದ ಕೆಳಗೆ ಕೂದಲು ಒದ್ದೆಯಾಗಿ ಅಂಟಿಕೊಂಡಿದ್ದರೆ ಅನುಮಾನವೇ ಬೇಡ. ಮೊಲದ ಹಲ್ಲು ಸಾಯುವತನಕ ಬೆಳೆಯುತ್ತದೆ, ಮುಂದಿನ ಹಲ್ಲು ವಾರಕ್ಕೆ 2–3 ಮಿಲಿಮೀಟರ್. ಹುಲ್ಲು ಅಗಿದು ಸವೆಯದಿದ್ದರೆ ದವಡೆ ಹಲ್ಲು ಚೂಪಾಗಿ ನಾಲಿಗೆ, ಕೆನ್ನೆ ಕೊಯ್ಯುತ್ತದೆ. ಮುಂದಿನ ಹಲ್ಲನ್ನು ನೀವು ತುಟಿ ಸರಿಸಿ ನೋಡಬಹುದು. ದವಡೆ ಹಲ್ಲನ್ನು ಡಾಕ್ಟರೇ ಉಪಕರಣ ಹಾಕಿ ನೋಡಬೇಕು. ಉಗುರು ಕತ್ತರಿಯಿಂದ ಹಲ್ಲು ಕತ್ತರಿಸಲು ಯಾರಾದರೂ ಮುಂದಾದರೆ ತಡೆಯಿರಿ, ಹಲ್ಲು ಬುಡದವರೆಗೆ ಸೀಳಿಹೋಗುತ್ತದೆ.

ಆಸೆಪಟ್ಟು ತಿನ್ನುತ್ತಿದ್ದ ಸೊಪ್ಪನ್ನೂ ಮೂಸದೆ, ಬೆನ್ನು ಗೂನು ಮಾಡಿ, ಕಣ್ಣು ಅರೆಮುಚ್ಚಿ, ಹಲ್ಲು ಕಟಕಟನೆ ಜೋರಾಗಿ ಕಡಿಯುತ್ತಾ, ಹೊಟ್ಟೆಯನ್ನು ನೆಲಕ್ಕೆ ಒತ್ತಿ ಕೂತಿದ್ದರೆ ಕರುಳಿನ ಚಲನೆ ನಿಂತಿದೆ ಎಂದೇ ತಿಳಿಯಿರಿ. ಗಡಿಯಾರ ನೋಡುತ್ತಾ ಹನ್ನೆರಡು ಗಂಟೆ ಹೊತ್ತು ಕಳೆಯಲಿ ಎಂದು ಕಾಯಬೇಡಿ. ಸಿರಿಂಜಿನಲ್ಲಿ ಊಟ ಹಾಕುವುದನ್ನು ಡಾಕ್ಟರು ಹೊಟ್ಟೆ ಮುಟ್ಟಿ ನೋಡಿದ ಮೇಲೆಯೇ ಶುರು ಮಾಡಬೇಕು. ಕರುಳಿಗೆ ಅಡ್ಡ ಕಟ್ಟಿಕೊಂಡಿದ್ದರೆ ಹಾಕಿದ ಊಟವೇ ಕಂಟಕ, ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ನಿಮ್ಮ ಮನೆಯ ನೋವಿನ ಮಾತ್ರೆ ಯಾವುದನ್ನೂ ಕೊಡಬೇಡಿ. ಕರೆದುಕೊಂಡು ಹೋಗುವಾಗ ಬಿಸಿನೀರಿನ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ ಪಕ್ಕದಲ್ಲಿಡಿ, ಹುಲ್ಲನ್ನೂ ಇಡಿ. ಕರುಳು ನಿಂತ ಮೊಲದ ಮೈ ಬೇಗ ತಣ್ಣಗಾಗುತ್ತದೆ.

"ಹಿಕ್ಕೆ ಬೇರೆ ಥರ ಇದೆ"

ಆರೈಕೆ ಮನೆಯಲ್ಲಿ ಒಂದು ನೋಟ್‌ಬುಕ್ ಇಟ್ಟು ಹಿಕ್ಕೆಯ ಲೆಕ್ಕ ಬರೆಯಿರಿ ಎಂದರೆ ಜನ ನಾಚಿಕೊಳ್ಳುತ್ತಾರೆ. ನಾಚಿಕೆ ಬೇಡ. ಬಾಯಿಲ್ಲದ ಪ್ರಾಣಿ ನಮಗೆ ಬರೆದುಕೊಡುವ ಚೀಟಿ ಅದೇ.

ಹುಲ್ಲು ತಿನ್ನುವ ಆರೋಗ್ಯವಂತ ಮೊಲದ ಹಿಕ್ಕೆ ಕಡಲೆ ಕಾಳಿನಷ್ಟು ಗಾತ್ರ, ದುಂಡಗೆ, ಒಡೆದರೆ ಒಳಗೆ ಹುಲ್ಲಿನ ಪುಡಿ. ದಿನಕ್ಕೆ 200–300 ಬಿದ್ದರೂ ಅದು ಸಹಜ. ಹೊಸ ಮನೆಗೆ ಬಂದ ಮೊದಲ ಒಂದೆರಡು ದಿನ ಗಾತ್ರ, ಲೆಕ್ಕ ಎರಡೂ ಇಳಿಯುತ್ತವೆ, ಕೋಣೆ ತುಂಬ ಚೆಲ್ಲಾಡಿಯೂ ಇರುತ್ತವೆ. ದಿನದಿಂದ ದಿನಕ್ಕೆ ದಪ್ಪವಾಗುತ್ತಾ ಬಂದರೆ ಹೆದರಿಕೆ ಇಳಿಯುತ್ತಿದೆ ಎಂದರ್ಥ. ಮೆಣಸಿನ ಕಾಳಿನಷ್ಟು ಚಿಕ್ಕದಾಗಿ, ಕಪ್ಪಗೆ, ಗಟ್ಟಿಯಾಗಿ, ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದರೆ ಊಟ, ನೀರು ಸಾಲುತ್ತಿಲ್ಲ ಅಥವಾ ನೋವಿದೆ. ಮಣಿಸರದ ಹಾಗೆ ಕೂದಲಿನಲ್ಲಿ ಪೋಣಿಸಿಕೊಂಡು ಬಿದ್ದರೆ ಕೂದಲು ಉದುರುವ ಕಾಲ. ಮೃದುವಾದ ಬ್ರಷ್‌ನಿಂದ ಬಾಚಿ, ಹುಲ್ಲು ಹೆಚ್ಚಿಸಿ.

ಹಿಪ್ಪುನೇರಳೆ ಹಣ್ಣಿನ ಹಾಗೆ ಮಿರಿಮಿರಿ ಹೊಳೆಯುವ, ವಾಸನೆಯ, ಮೆತ್ತನೆಯ ಗೊಂಚಲು ಸಿಕ್ಕಿದರೆ ಅದು ಭೇದಿಯಲ್ಲ. ಮೊಲ ಅದನ್ನು ಹಿಂಭಾಗದಿಂದಲೇ ಬಾಯಿಗೆ ತೆಗೆದುಕೊಂಡು ಮತ್ತೆ ತಿನ್ನುತ್ತದೆ. ಅದರಲ್ಲಿ ಜೀವಸತ್ವಗಳಿವೆ, ತಿನ್ನಲು ಬಿಡಿ. ದಿನವೂ ತಿನ್ನದೆ ಬಿಟ್ಟಿದ್ದರೆ ಸಿಹಿ ಊಟ ಹೆಚ್ಚಾಗಿದೆ, ಅಥವಾ ಮೈ ಬಾಗಿಸಲಾರದಷ್ಟು ದಪ್ಪಗಾಗಿದೆ, ಅಥವಾ ಬೆನ್ನೋ ಹಲ್ಲೋ ನೋಯುತ್ತಿದೆ.

ಮೂತ್ರ ಹಳದಿ, ಕಿತ್ತಳೆ, ಕೆಲವೊಮ್ಮೆ ಇಟ್ಟಿಗೆ ಕೆಂಪು. ತಿಂದ ಸೊಪ್ಪಿನ ಬಣ್ಣದಿಂದಲೂ ಹಾಗಾಗುತ್ತದೆ. ಇಡೀ ಮೂತ್ರ ಒಂದೇ ಸಮ ಬಣ್ಣವಿದ್ದು, ಊಟ ಓಡಾಟ ಚೆನ್ನಾಗಿದ್ದರೆ ಒಂದೆರಡು ದಿನ ನೋಡಿ. ನಡುನಡುವೆ ಕೆಂಪು ಗೆರೆ, ಹೆಪ್ಪು ಕಂಡರೆ, ಮುಕ್ಕಿ ಮುಕ್ಕಿ ಹೊಯ್ದರೆ, ಸುಣ್ಣದ ನೀರಿನಂತೆ ಗಟ್ಟಿಯಾಗಿದ್ದರೆ ತೋರಿಸಿ. ಅದರಲ್ಲೂ ಸಂತಾನಹರಣ ಆಗದ ಹೆಣ್ಣಿನಲ್ಲಿ ರಕ್ತ ಕಂಡರೆ ಗರ್ಭಕೋಶದ ತೊಂದರೆ ಇರಬಹುದು, ತಡ ಮಾಡಬಾರದು.

"ಪೆಟ್ಟಿಗೆ ಬಿಟ್ಟು ಹೊರಗೇ ಬರಲ್ಲ"

ತಿನ್ನುತ್ತಿದೆ, ಹಿಕ್ಕೆ ಸರಿಯಾಗಿದೆ, ಆದರೆ ಹೊರಗೆ ಬರುವುದಿಲ್ಲ. ಹೀಗಿದ್ದರೆ ಸಮಾಧಾನವಾಗಿರಿ, ಇದು ಹೆದರಿಕೆ. ಇಲ್ಲಿಂದ ಮುಂದೆ ಸರಿಪಡಿಸಬೇಕಾದ್ದು ಮೊಲವನ್ನಲ್ಲ, ಕೋಣೆಯನ್ನು.

ರಾತ್ರಿ ಹೊರಗೆ ಬರುತ್ತದೆಯೋ ಎಂದು ತಿಳಿಯಲು ಪೆಟ್ಟಿಗೆಯ ಬಾಗಿಲಿಗೆ ಅಡ್ಡಲಾಗಿ ಒಂದೇ ಒಂದು ಹುಲ್ಲುಕಡ್ಡಿ ಒರಗಿಸಿಟ್ಟು ಮಲಗಿ. ಬೆಳಿಗ್ಗೆ ಬಿದ್ದಿದ್ದರೆ ಬಂದು ಹೋಗಿದೆ.

ಬರುತ್ತಿಲ್ಲವಾದರೆ ಮೊದಲು ನೆಲ ನೋಡಿ. ನಮ್ಮ ಮನೆಗಳ ನುಣುಪಾದ ಟೈಲ್ಸ್ ಮೇಲೆ ಮೊಲ ನಿಲ್ಲಲಾರದು, ಅಂಗಾಲಿನಲ್ಲಿ ನಾಯಿಯ ಹಾಗೆ ಮೆತ್ತೆಯಿಲ್ಲ, ಬರೀ ಕೂದಲು. ಕಾಲು ಜಾರಿದ ಒಂದು ಸಲದ ಭಯ ವಾರಗಟ್ಟಲೆ ಉಳಿಯುತ್ತದೆ. ಹಳೆಯ ಹತ್ತಿ ಜಮಖಾನ ಪೆಟ್ಟಿಗೆಯಿಂದ ಹುಲ್ಲಿನವರೆಗೆ ಹಾಸಿ. ರಾಗಿ ವಿಷಯದಲ್ಲಿ ನಾನು ಐದು ದಿನ ಏನೇನೋ ಮಾಡಿದೆ, ಜಮಖಾನ ಹಾಸಿದ ರಾತ್ರಿಯೇ ಹುಲ್ಲುಕಡ್ಡಿ ಬಿದ್ದಿತ್ತು. ತಂತಿ ಜಾಲರಿಯ ತಳವಿರುವ ಗೂಡಾದರೆ ಅಂಗಾಲನ್ನು ನಿಧಾನವಾಗಿ ನೋಡಿ. ಕೂದಲು ಸವೆದು ಕೆಂಪಾಗಿ ಹುಣ್ಣಾಗಿದ್ದರೆ ಹೆದರಿಕೆಯ ಜೊತೆ ನೋವೂ ಇದೆ. ಜಾಲರಿ ತೆಗೆಯಿರಿ, ಹುಣ್ಣಿಗೆ ಡಾಕ್ಟರನ್ನು ಕೇಳಿ.

ಎರಡನೆಯದು ಪೆಟ್ಟಿಗೆ. ಒಂದೇ ಬಾಗಿಲಿದ್ದರೆ ಮೊಲಕ್ಕೆ ಅದು ಬೋನು. ಸಾಕುಮೊಲದ ಮೂಲ ಯುರೋಪಿನ ಬಿಲ ತೋಡುವ ಮೊಲ, ಬಿಲಕ್ಕೆ ಯಾವಾಗಲೂ ಹಲವು ಬಾಯಿ. ರಟ್ಟಿಗೆ ಎರಡನೆಯ ಬಾಗಿಲು ಕತ್ತರಿಸಿ. ಪೆಟ್ಟಿಗೆಯನ್ನೇ ತೆಗೆದುಬಿಟ್ಟರೆ ಬೇಗ ಅಭ್ಯಾಸವಾಗುತ್ತದೆ ಎನ್ನುವವರ ಮಾತು ಕೇಳಬೇಡಿ. ಓಡಿಹೋಗಲು ಜಾಗವಿದೆ ಎಂಬ ಧೈರ್ಯದಿಂದಲೇ ಅದು ಹೊರಗೆ ಕಾಲಿಡುವುದು.

ಮೂರನೆಯದು ಸದ್ದು ಮತ್ತು ವಾಸನೆ. ಕುಕ್ಕರಿನ ಸೀಟಿ, ಮಿಕ್ಸಿ, ವಾಷಿಂಗ್ ಮೆಷೀನು ಇರುವ ಗೋಡೆಯ ಪಕ್ಕ ಗೂಡು ಬೇಡ. ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ಕೋಣೆಯ ಬಾಗಿಲು ಮುಚ್ಚಿರಲಿ, ಅವನ್ನು ಮುಟ್ಟಿದ ಕೈ ತೊಳೆದು ಬನ್ನಿ. ಬಾಲ್ಕನಿಯಲ್ಲಿಟ್ಟರೆ ಕಾಗೆ, ಹದ್ದು, ಬೀದಿಬೆಕ್ಕು ಎಲ್ಲವೂ ಕಣ್ಣಿಗೆ ಬೀಳುತ್ತವೆ. ವಾಸನೆಯ ವಿಷಯದಲ್ಲಿ ನಮ್ಮ ಸ್ವಚ್ಛತೆಯ ಅಭ್ಯಾಸವೇ ಅಡ್ಡಿ ಬರುತ್ತದೆ. ದಿನವೂ ಫಿನಾಯಿಲ್ ಹಾಕಿ ಒರೆಸಿದರೆ ಮೊಲಕ್ಕೆ ದಿನವೂ ಹೊಸ ಮನೆ. ಮೂತ್ರದ ತಟ್ಟೆ ಮಾತ್ರ ಬದಲಾಯಿಸಿ, ಅದರಲ್ಲೂ ಒಂದು ಹಿಡಿ ಹಳೆಯ ಹುಲ್ಲು ಉಳಿಸಿ.

ಇಷ್ಟೆಲ್ಲ ಆದಮೇಲೆ ಉಳಿಯುವುದು ನೀವು. ನಾನು ದಿನವೂ ನೆಲದ ಮೇಲೆ ಕೂತು, "ಬಾರೋ ರಾಗಿ, ಬಾರೋ" ಎಂದು ಕೈಚಾಚಿ ಕರೆಯುತ್ತಿದ್ದೆ. ಅವನು ಬರಲಿಲ್ಲ. ನಮ್ಮ ಅತ್ತೆ ಮಧ್ಯಾಹ್ನ ಅದೇ ಕೋಣೆಯಲ್ಲಿ ಚಾಪೆ ಹಾಸಿ, ಬೆನ್ನು ತಿರುಗಿಸಿ ಕೂತು, ಮೊರದಲ್ಲಿ ಅವರೆಕಾಯಿ ಸುಲಿಯುತ್ತಾ ತಮ್ಮಷ್ಟಕ್ಕೆ ದೇವರನಾಮ ಗುನುಗುತ್ತಿದ್ದರು. ಹನ್ನೊಂದನೆಯ ದಿನ ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೇನೆ: ರಾಗಿ ಹಿಂಗಾಲನ್ನು ಪೆಟ್ಟಿಗೆಯೊಳಗೇ ಬಿಟ್ಟು ಮೈಯನ್ನು ರಬ್ಬರಿನ ಹಾಗೆ ಎಳೆದು, ಅತ್ತೆಯ ಸೀರೆಯ ಅಂಚನ್ನು ಮೂಸಿದ. ಮೂಗಿನಿಂದ ಒಂದು ಸಲ ತಳ್ಳಿದ. ಅತ್ತೆ ತಿರುಗಿ ನೋಡಲಿಲ್ಲ, ಗುನುಗುವುದನ್ನು ನಿಲ್ಲಿಸಲೂ ಇಲ್ಲ. ಸಂಜೆ ಕೇಳಿದರೆ, "ನೋಡಿದ್ರೆ ಓಡಿಹೋಗ್ತಾನೆ ಕಣೇ, ಮಗು ಹತ್ರ ಮಾಡಿದ ಹಾಗೇ ಅಲ್ವಾ" ಎಂದರು.

ಅಂದಿನಿಂದ ಎಲ್ಲರಿಗೂ ನಾನು ಹೇಳುವುದು ಇದನ್ನೇ. ದಿನಕ್ಕೆರಡು ಸಲ, ಅರ್ಧ ಅರ್ಧ ಗಂಟೆ, ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಪಕ್ಕಕ್ಕೆ ತಿರುಗಿ ಕೂತು ನಿಮ್ಮ ಕೆಲಸ ಮಾಡಿಕೊಳ್ಳಿ. ನೇರವಾಗಿ ದಿಟ್ಟಿಸುವುದು ಬೇಟೆಗಾರನ ಲಕ್ಷಣ. ಮೂಸಿದ ಕೂಡಲೇ ಮುಟ್ಟಲು ಹೋಗಬೇಡಿ. ಕೆಲವಕ್ಕೆ ಒಂದು ವಾರ ಸಾಕು, ಪೆಟ್ಟು ತಿಂದು ಬಂದವಕ್ಕೆ ತಿಂಗಳುಗಳೇ ಬೇಕು. ಮಕ್ಕಳಿರುವ ಮನೆಯಾದರೆ ಮಕ್ಕಳಿಗೂ ಇದೇ ನಿಯಮ, ಪಕ್ಕದಲ್ಲಿ ಕೂತು ಜೋರಾಗಿ ಪಾಠ ಓದಲಿ.

ಒಂದು ಎಚ್ಚರಿಕೆ. ಹೊರಗೆ ಬರಲು ಶುರು ಮಾಡಿದ್ದ ಮೊಲ ಮತ್ತೆ ಮೂಲೆ ಸೇರಿದರೆ, ಅದನ್ನು ಹೆದರಿಕೆಯ ಲೆಕ್ಕಕ್ಕೆ ಹಾಕಬೇಡಿ. ಕೋಣೆಯಲ್ಲಿ ಏನೂ ಬದಲಾಗಿಲ್ಲವಾದರೆ ನೋವಿದೆ ಎಂದುಕೊಂಡೇ ಊಟ, ಹಿಕ್ಕೆ ನೋಡಿ.

"ಕಾಲು ಬಡಿಯುತ್ತೆ, ಕೈ ಹಾಕಿದರೆ ಗುರ್ ಅಂತ ಮೇಲೆ ಬೀಳುತ್ತೆ"

ಹಿಂಗಾಲಿನಿಂದ ನೆಲಕ್ಕೆ ಧಡ್ ಎಂದು ಬಡಿಯುವುದು ಅಪಾಯದ ಸೂಚನೆ. ಏನು ಕೇಳಿಸಿತು, ಏನು ಕಂಡಿತು ಎಂದು ಹುಡುಕಿ. ಎಷ್ಟೋ ಸಲ ಕಿಟಕಿಯ ಮೇಲೆ ಬೆಕ್ಕು ಕೂತಿರುತ್ತದೆ.

ಗುರ್ ಎನ್ನುವುದು, ಮುಂಗಾಲಿನಿಂದ ಹೊಡೆಯುವುದು ಬೇರೆ. ನೀವು ಗೂಡಿನೊಳಗೆ ಮೇಲಿನಿಂದ ಕೈ ಇಳಿಸುತ್ತಿದ್ದೀರಾ? ಮೊಲಕ್ಕೆ ಅದು ಹದ್ದಿನ ಕಾಲು. ಮೂಗಿನ ನೇರ ಮುಂದೆ ಅದಕ್ಕೆ ಕಣ್ಣು ಕಾಣುವುದಿಲ್ಲ, ಹಾಗಾಗಿ ಮುಖದ ಮುಂದೆ ಬೆರಳು ಚಾಚಿದರೂ ಕಚ್ಚಬಹುದು. ಪಕ್ಕದಿಂದ, ತಗ್ಗಿನಲ್ಲಿ, ಮಾತಾಡುತ್ತಾ ಕೈ ತನ್ನಿ. ಬೋಗುಣಿ ತೊಳೆಯುವುದು, ಗುಡಿಸುವುದು ಎಲ್ಲ ಅದು ಹೊರಗಿರುವಾಗ ಮಾಡಿ. ಇದರಿಂದಲೂ ಕಡಿಮೆಯಾಗದಿದ್ದರೆ, ನಾಲ್ಕಾರು ತಿಂಗಳು ದಾಟಿದ ಮೊಲವಾಗಿದ್ದರೆ, ಅದು ಪ್ರಾಯದ ಸಿಟ್ಟು. ಸಂತಾನಹರಣ ಮಾಡಿಸಿದರೆ ಸಾಮಾನ್ಯವಾಗಿ ಇಳಿಯುತ್ತದೆ. ಆ ಶಸ್ತ್ರಚಿಕಿತ್ಸೆಗೆ ಮುಂಚೆ "ರಾತ್ರಿಯಿಂದ ಉಪವಾಸ ಇಡಿ" ಎಂದರೆ ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಳ್ಳಿ. ನಾಯಿ ಬೆಕ್ಕಿಗೆ ಅದು ಸರಿ, ಮೊಲವನ್ನು ಹಾಗೆ ಉಪವಾಸ ಕೆಡವಬಾರದು. ಗಂಡಿಗೆ ಶಸ್ತ್ರಚಿಕಿತ್ಸೆಯಾದ ಮೇಲೂ ಕೆಲವು ವಾರ ಮರಿ ಹುಟ್ಟಿಸುವ ಶಕ್ತಿ ಇರುತ್ತದೆ, ಹೆಣ್ಣಿನ ಜೊತೆ ಬಿಡಬೇಡಿ.

ಸೌಮ್ಯವಾಗಿದ್ದ ಮೊಲ ಒಂದು ಜಾಗ ಮುಟ್ಟಿದರೆ ಮಾತ್ರ ಕಚ್ಚುತ್ತದೆಯೇ? ಆ ಜಾಗದಲ್ಲಿ ನೋವಿದೆ.

"ಎತ್ತಿಕೊಂಡರೆ ಒದ್ದಾಡುತ್ತೆ"

ಎತ್ತಿಕೊಳ್ಳಬೇಡಿ. ಒದ್ದಾಟದಲ್ಲಿ ಮೊಲದ ಬೆನ್ನುಮೂಳೆ ಮುರಿಯಬಹುದು, ಹಿಂಗಾಲಿನ ಬಲ ಅಷ್ಟಿದೆ. ಔಷಧಿಗೋ ಪ್ರಯಾಣಕ್ಕೋ ಎತ್ತಲೇಬೇಕಾದರೆ ನೆಲದ ಮೇಲೆ ಕೂತು, ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗಕ್ಕೆ ಆನಿಸಿ, ಟವೆಲಿನಲ್ಲಿ ಸುತ್ತಿ ಮೈಗೆ ಒತ್ತಿ ಹಿಡಿಯಿರಿ. ಕಿವಿ ಹಿಡಿದು ಎತ್ತುವುದು ಕ್ರೌರ್ಯ. ಅಂಗಾತ ಮಲಗಿಸಿದರೆ ನಿದ್ದೆ ಹೋದಂತೆ ಸ್ತಬ್ಧವಾಗುತ್ತದೆ, ವೀಡಿಯೋಗಳಲ್ಲಿ ನೋಡಿ ಜನ ಮುದ್ದು ಎನ್ನುತ್ತಾರೆ. ಅದು ನಿದ್ದೆಯಲ್ಲ, ಸಿಕ್ಕಿಬಿದ್ದ ಪ್ರಾಣಿಯ ಭಯ.

"ಎದೆಯ ಕೂದಲು ಕಿತ್ತುಕೊಳ್ಳುತ್ತಿದೆ, ಬಾಯಲ್ಲಿ ಹುಲ್ಲು ಹೊತ್ತು ತಿರುಗುತ್ತಿದೆ"

ಹೆಣ್ಣಾದರೆ ಗರ್ಭಿಣಿ ಎಂದುಕೊಂಡೇ ನಡೆಯಿರಿ. ಗರ್ಭದ ಅವಧಿ ಬರೀ 30–32 ದಿನ. ಅಂಗಡಿಯಲ್ಲಿ ಗಂಡು ಹೆಣ್ಣು ಒಟ್ಟಿಗಿದ್ದು ಬಂದದ್ದಾದರೆ ಬಂದ ವಾರದಲ್ಲೇ ಮರಿ ಹಾಕಬಹುದು. ಒಂದು ರಟ್ಟಿನ ಪೆಟ್ಟಿಗೆಗೆ ಹುಲ್ಲು ತುಂಬಿ ಕತ್ತಲ ಮೂಲೆಯಲ್ಲಿಡಿ, ಗಂಡಿದ್ದರೆ ಈಗಲೇ ಬೇರೆ ಮಾಡಿ. ಹೆತ್ತ ದಿನವೇ ಮತ್ತೆ ಗರ್ಭ ನಿಲ್ಲುತ್ತದೆ. ತಾಯಿ ಮರಿಗಳ ಹತ್ತಿರ ಕೂರುವುದಿಲ್ಲ, ದಿನಕ್ಕೆ ಒಂದೆರಡು ಸಲ ಕೆಲವೇ ನಿಮಿಷ ಹಾಲೂಡಿಸಿ ಹೋಗುತ್ತದೆ. ಬಿಟ್ಟುಬಿಟ್ಟಿದೆ ಎಂದು ಮರಿಗಳಿಗೆ ಹಸುವಿನ ಹಾಲು ಹಾಕಬೇಡಿ. ಬೆಳಿಗ್ಗೆ ಮರಿಗಳ ಹೊಟ್ಟೆ ದುಂಡಗಿದ್ದರೆ ಹಾಲು ಸಿಕ್ಕಿದೆ. ಹೊಟ್ಟೆ ಸುಕ್ಕುಗಟ್ಟಿದ್ದರೆ, ಮೈ ತಣ್ಣಗಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಗರ್ಭವಿಲ್ಲದೆಯೂ ಕೆಲವು ಹೆಣ್ಣುಗಳು ಹೀಗೆ ಗೂಡು ಕಟ್ಟುವುದುಂಟು, ಡಾಕ್ಟರು ಮುಟ್ಟಿ ನೋಡಿ ಹೇಳುತ್ತಾರೆ.

"ಉಸಿರು ಜೋರಾಗಿದೆ, ಕಿವಿ ಕೆಂಪಗೆ ಸುಡುತ್ತಿದೆ"

ಥರ್ಮಾಮೀಟರಿಗಿಂತ ಮೊದಲು ಕ್ಯಾಲೆಂಡರ್ ನೋಡಿ. ಮಾರ್ಚಿನಿಂದ ಮೇವರೆಗೆ ಇದು ಹೆದರಿಕೆಗಿಂತ ಸೆಕೆಯೇ ಇರಬಹುದು. ಮೊಲಕ್ಕೆ ನಮ್ಮ ಹಾಗೆ ಬೆವರು ಬರುವುದಿಲ್ಲ, ಶಾಖ ಹೊರಹಾಕಲು ಇರುವುದು ಕಿವಿ. ಕೋಣೆ 28–30 ಡಿಗ್ರಿ ಸೆಲ್ಸಿಯಸ್ ದಾಟಿದರೆ ತೊಂದರೆ ಶುರು. ಮೈಸೂರಿನಲ್ಲೇ ಕಷ್ಟ, ಕಲಬುರಗಿ ರಾಯಚೂರಿನ ಬಿಸಿಲಿನಲ್ಲಿ ಕೇಳುವುದೇ ಬೇಡ. ನೆಲದ ಮಟ್ಟದ ತಂಪಾದ ಕೋಣೆಗೆ ಬದಲಿಸಿ, ಕಡಪಾ ಕಲ್ಲಿನ ತುಂಡು ಹಾಕಿ, ಹೆಪ್ಪುಗಟ್ಟಿಸಿದ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ, ಕಿವಿಗೆ ತಣ್ಣೀರಿನ ಬಟ್ಟೆ ಒತ್ತಿ. ಐಸ್ ನೀರಿನಲ್ಲಿ ಮುಳುಗಿಸಬೇಡಿ, ಆ ಆಘಾತವೇ ಕೊಲ್ಲುತ್ತದೆ. ಜೊಲ್ಲು ಸುರಿಸಿ, ತೂಗಾಡಿ, ಬಿದ್ದರೆ ಕಿವಿ ಒದ್ದೆ ಮಾಡುತ್ತಲೇ ಆಸ್ಪತ್ರೆಗೆ ಹೊರಡಿ.

ತಂಪು ಹೊತ್ತಿನಲ್ಲೂ ಉಸಿರು ಜೋರಾಗಿ, ಮೂಗಿನಿಂದ ಗಟ್ಟಿ ನೀರು, ಮುಂಗಾಲಿನ ಒಳಭಾಗದಲ್ಲಿ ಮೂಗು ಒರೆಸಿಕೊಂಡ ಅಂಟು ಇದ್ದರೆ ಸೋಂಕು. ಬೇರೆ ಮೊಲಗಳಿಂದ ಬೇರ್ಪಡಿಸಿ.

"ತಲೆ ತೂಗುತ್ತಾ ನಿಂತಿರುತ್ತೆ"

ಬಿಳಿ ಮೈ, ಕೆಂಪು ಕಣ್ಣಿನ ಮೊಲವೇ? ಅದರ ದೃಷ್ಟಿ ಮಂದ. ದೂರ ಅಳೆಯಲು ತಲೆಯನ್ನು ಆಚೀಚೆ ತೂಗುತ್ತದೆ, ಚಿಂತೆಯಿಲ್ಲ. ತಲೆ ಒಂದೇ ಕಡೆಗೆ ವಾಲಿ ಹಾಗೇ ನಿಂತಿದ್ದರೆ, ಸುತ್ತು ಹಾಕುತ್ತಿದ್ದರೆ, ಉರುಳಿ ಬೀಳುತ್ತಿದ್ದರೆ ಕಿವಿಯೊಳಗಿನ ಸೋಂಕು ಅಥವಾ ಮೆದುಳಿಗೆ ಸಂಬಂಧಿಸಿದ್ದು. ಅಂದೇ ತೋರಿಸಿ.

"ಕಿವಿಯಲ್ಲಿ, ಮೂಗಿನ ಮೇಲೆ ಹಕ್ಕಳೆ ಕಟ್ಟಿದೆ"

ಗೂಡುಗಳಲ್ಲಿ ಒತ್ತಾಗಿ ಬೆಳೆದು ಬಂದ ಮೊಲಗಳಲ್ಲಿ ಈ ಕಜ್ಜಿ ಹುಳು ಬಹಳ. ಕಿವಿಯೊಳಗಿನ ಹಕ್ಕಳೆಯನ್ನು ಕೀಳಬೇಡಿ, ಕೆಳಗೆ ಹಸಿ ಮಾಂಸವಿದೆ. ಈ ತುರಿಕೆಯ ಸಂಕಟದಿಂದಲೇ ಮೊಲ ಮುಟ್ಟಿಸಿಕೊಳ್ಳದೆ ಇರಬಹುದು. ಡಾಕ್ಟರು ಕೊಡುವ ಚುಚ್ಚುಮದ್ದು ಅಥವಾ ಹನಿಯಿಂದ ವಾಸಿಯಾಗುತ್ತದೆ, ಆಮೇಲೆ ಸ್ವಭಾವವೇ ಬದಲಾದಂತೆ ಕಾಣುತ್ತದೆ.

ಆದರೆ ಉಣ್ಣೆ, ಚಿಗಟಕ್ಕೆಂದು ನಾಯಿಗೆ ಹಾಕುವ ಫಿಪ್ರೊನಿಲ್ ಹನಿ ಮೊಲಕ್ಕೆ ವಿಷ. ಒಂದು ಸಲ ಒಂದು ಕ್ಲಿನಿಕ್ಕಿನಲ್ಲಿ ನನ್ನ ಕೈಗೆ ಅದನ್ನೇ ಕೊಟ್ಟಿದ್ದರು. ಮನೆಗೆ ಬಂದು ಡಬ್ಬಿಯ ಮೇಲಿನ ಹೆಸರು ಓದಿದ್ದರಿಂದ ಮೊಲ ಉಳಿಯಿತು. ಬಾಯಿಯಿಂದ ಕೊಡುವ ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್ ಗುಂಪಿನ ಔಷಧಿಯೂ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು ಪ್ರಾಣಕ್ಕೆ ಎರವಾಗುತ್ತದೆ. "ಇದು ಮೊಲಕ್ಕೆ ಆಗುತ್ತಾ ಡಾಕ್ಟ್ರೇ?" ಎಂದು ಕೇಳಲು ಸಂಕೋಚ ಬೇಡ. ಮೊಲಕ್ಕೆ ಸ್ನಾನವನ್ನೂ ಮಾಡಿಸಬೇಡಿ. ಹಿಂಭಾಗ ಗಲೀಜಾಗಿದ್ದರೆ ಅಷ್ಟನ್ನೇ ಒರೆಸಿ, ಒಣಗಿಸಿ. ಮಳೆಗಾಲದಲ್ಲಿ ಅಲ್ಲೇ ನೊಣ ಮೊಟ್ಟೆಯಿಡುವುದು.

ಪಟಾಕಿಯ ರಾತ್ರಿ

ಚೆನ್ನಾಗಿ ಒಗ್ಗಿಕೊಂಡಿದ್ದ ಮೊಲ ದೀಪಾವಳಿಯ ರಾತ್ರಿ ಮತ್ತೆ ಮೊದಲ ದಿನದ ಸ್ಥಿತಿಗೆ ಹೋಗುತ್ತದೆ. ನಮ್ಮೂರಿನಲ್ಲಿ ಅದಕ್ಕೂ ಮೊದಲೇ, ಜಂಬೂಸವಾರಿಯ ದಿನ 21 ಸುತ್ತು ಕುಶಾಲತೋಪು ಹಾರುತ್ತದೆ. ಆ ದಿನಗಳಲ್ಲಿ ಮನೆಯ ನಡುಕೋಣೆಗೆ ತಂದು, ಪೆಟ್ಟಿಗೆಯ ಮೇಲೆ ಕಂಬಳಿ ಹೊದಿಸಿ, ಗಾಳಿಗೆ ಜಾಗ ಬಿಟ್ಟು, ಫ್ಯಾನಿನ ಸದ್ದು ಇರಲಿ. ಆ ರಾತ್ರಿ ಎತ್ತಿಕೊಂಡು ಸಮಾಧಾನ ಮಾಡಬೇಡಿ, ಪಕ್ಕದಲ್ಲಿ ಕೂರಿ. ಮಾರನೆಯ ಬೆಳಿಗ್ಗೆ ಮೊದಲ ಕೆಲಸ ಹಿಕ್ಕೆ ನೋಡುವುದು. ಹೆದರಿಕೆಯಿಂದಲೇ ಊಟ ಬಿಟ್ಟು ಕರುಳು ನಿಲ್ಲಬಹುದು. ಹೆದರಿಕೆ ನೋವಾಗಿ ಮಾರ್ಪಡುವುದು ಇಲ್ಲಿಯೇ.

ಸರಿಹೋಗುತ್ತಿದೆ ಎಂದು ತಿಳಿಯುವುದು ಹೇಗೆ

ಗಲ್ಲವನ್ನು ಕುರ್ಚಿಯ ಕಾಲಿಗೆ, ನಿಮ್ಮ ಚಪ್ಪಲಿಗೆ ಉಜ್ಜುತ್ತದೆ, ಅಲ್ಲಿರುವ ಗ್ರಂಥಿಯಿಂದ ತನ್ನ ವಾಸನೆ ಹಚ್ಚಿ ತನ್ನದೆಂದು ಗುರುತು ಮಾಡುತ್ತದೆ. ನಿಮ್ಮೆದುರೇ ಮುಖ ತೊಳೆದುಕೊಳ್ಳುತ್ತದೆ. ತಲೆ ಸವರಿದರೆ ಹಲ್ಲನ್ನು ಮೆಲ್ಲಗೆ, ಕೇಳಿಯೂ ಕೇಳಿಸದಷ್ಟು ಮಸೆಯುತ್ತದೆ. ನೋವಿನ ಜೋರು ಕಟಕಟಕ್ಕೂ ಇದಕ್ಕೂ ಇರುವ ವ್ಯತ್ಯಾಸ ಒಮ್ಮೆ ಕೇಳಿದವರಿಗೆ ಮರೆಯುವುದಿಲ್ಲ. ಗಾಳಿಯಲ್ಲಿ ಮೈ ತಿರುಚಿ ಜಿಗಿದರೆ ಸಂತೋಷ. ದೊಪ್ಪೆಂದು ಪಕ್ಕಕ್ಕೆ ಉರುಳಿ ಕಾಲು ಚಾಚಿ ಮಲಗಿದರೆ ಪೂರ್ತಿ ನಂಬಿಕೆ. ರಾಗಿ ಮೊದಲ ಸಲ ಹಾಗೆ ಉರುಳಿದಾಗ ಅತ್ತೆ ಗಾಬರಿಯಾಗಿ ನನ್ನನ್ನು ಕೂಗಿದರು. ನಾವಿಬ್ಬರೂ ಬಗ್ಗಿ, ಅವನ ಪಕ್ಕೆ ಏರಿಳಿಯುವುದನ್ನು ಕಾಣುವವರೆಗೆ ಉಸಿರು ಬಿಗಿಹಿಡಿದು ನೋಡಿದೆವು.

ಶಾಶ್ವತ ಮನೆಗೆ ಕಳಿಸುವಾಗ

ಅಲ್ಲಿ ಇದೆಲ್ಲ ಮೊದಲಿನಿಂದ ಶುರುವಾಗುತ್ತದೆ. ಅದರ ಜೊತೆ ತೊಳೆಯದ ಜಮಖಾನ, ಅದೇ ರಟ್ಟಿನ ಪೆಟ್ಟಿಗೆ, ಅದೇ ಬೋಗುಣಿ, ಒಂದು ವಾರಕ್ಕಾಗುವಷ್ಟು ಅದೇ ಹುಲ್ಲು ಕೊಟ್ಟು ಕಳಿಸಿ. ಡಾಕ್ಟರ ನಂಬರು, ಕೊಟ್ಟ ಔಷಧಿಗಳ ಹೆಸರು, ಹಿಕ್ಕೆಯ ನೋಟ್‌ಬುಕ್ಕೂ ಜೊತೆಗಿರಲಿ. ರಾಗಿಯ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅತ್ತೆ ತಾವೇ ಬರೆದು ಕಳಿಸಿದ್ದರು: "ಮಧ್ಯಾಹ್ನ ಎರಡಕ್ಕೆ ಯಾರಾದರೂ ಹತ್ತಿರ ಕೂತಿರಬೇಕು. ನೋಡಬಾರದು."